ಪೈಪಿನ ಕೊನೆಯಿಂದ ಹಿಂದಕ್ಕೆ ಲೆಕ್ಕ: ಕಾರ್ಖಾನೆ ನೀರಿಗೆ ಊರಿನದೇ ನಿಯಮ ಯಾಕೆ ಬೇಕು?

1981ರ ಫೆಬ್ರುವರಿ 13. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರ. ಇನ್ನೂ ಬೆಳಕು ಹರಿದಿರಲಿಲ್ಲ. ಆಸ್ಪತ್ರೆ ಕೆಲಸಕ್ಕೆ ಹೊರಟಿದ್ದ ಇಬ್ಬರು ಮಹಿಳೆಯರ ಕಾರು ಒಂದು ರೈಲ್ವೆ ಸೇತುವೆಯ ಕೆಳಗೆ ಬಂತು. ಕಾರಿನಿಂದ ಒಂದು ಕಿಡಿ ಹಾರಿತು. ಅಷ್ಟೇ, ರಸ್ತೆ ಕೆಳಗಿನ ಒಳಚರಂಡಿ ಸಿಡಿಯಿತು. ಎರಡು ಮೈಲಿಗೂ ಜಾಸ್ತಿ ಉದ್ದಕ್ಕೆ ಬೀದಿಗಳು ಬಾಯಿಬಿಟ್ಟವು. ಮ್ಯಾನ್‌ಹೋಲ್ ಇದ್ದ ಕಡೆಯೆಲ್ಲ ದೊಡ್ಡ ದೊಡ್ಡ ಗುಂಡಿ. ಬೀದಿಯಲ್ಲಿ ಜನ ಇಲ್ಲದ ಹೊತ್ತು, ಹಾಗಾಗಿ ಯಾರೂ ಸಾಯಲಿಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಹೆಕ್ಸೇನ್. ಸೋಯಾ ಕಾಳಿನಿಂದ ಎಣ್ಣೆ ತೆಗೆಯಲು ಬಳಸುವ ದ್ರಾವಕ ಇದು. ಊರಿನ ಒಂದು ಸೋಯಾ ಕಾರ್ಖಾನೆಯಿಂದ ಸಾವಿರಾರು ಗ್ಯಾಲನ್ ಹೆಕ್ಸೇನ್ ಒಳಚರಂಡಿ ಸೇರಿತ್ತು. ಇದರ ಆವಿ ಗಾಳಿಗಿಂತ ಭಾರ. ಮೇಲೆದ್ದು ಚದುರಿ ಹೋಗುವುದಿಲ್ಲ. ಪೈಪಿನೊಳಗೇ ತುಂಬಿಕೊಂಡು, ಮೈಲಿಗಟ್ಟಲೆ ಹರಡಿ, ಒಂದು ಕಿಡಿಗಾಗಿ ಕಾಯುತ್ತಿತ್ತು.

ಕಾರ್ಖಾನೆ ನೀರು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ನದಿಗೆ ಬೀಳುವ ಬಣ್ಣದ ನೀರು, ಕೆರೆ ಮೇಲಿನ ನೊರೆ. ಅದು ಕಾಣುತ್ತದೆ, ಫೋಟೋ ತೆಗೆಯಬಹುದು, ಗಲಾಟೆ ಮಾಡಬಹುದು. ಆದರೆ ಎಷ್ಟೋ ಕಾರ್ಖಾನೆಗಳ ನೀರು ನೇರವಾಗಿ ನದಿಗೆ ಹೋಗುವುದೇ ಇಲ್ಲ. ಊರಿನ ಒಳಚರಂಡಿಗೆ ಹೋಗುತ್ತದೆ. ಮನೆಮನೆಯ ಬಚ್ಚಲ ನೀರು ಹೋಗುವ ಅದೇ ಪೈಪು. ನೆಲದ ಕೆಳಗಿನ ವಿಷಯ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಅದರ ಬಗ್ಗೆ ಮಾತೂ ಕಡಿಮೆ.

ಆ ಪೈಪಿಗೆ ಯಾರು, ಏನನ್ನು, ಎಷ್ಟು ಬಿಡಬಹುದು? ದೇಶದ ಕಾನೂನು ಇದ್ದೇ ಇದೆಯಲ್ಲ, ಊರಿಗೊಂದು ನಿಯಮ ಬೇರೆ ಯಾಕೆ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದೇಶದ ಕಾನೂನು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಪೈಪಿನ ಕೊನೆಯಲ್ಲಿ ಎಂಥ ಘಟಕ ಇದೆ, ಅದರ ನೀರು ಎಂಥ ನದಿ ಸೇರುತ್ತದೆ, ಉಳಿಯುವ ಕೆಸರು ಎಲ್ಲಿಗೆ ಹೋಗುತ್ತದೆ, ಇಷ್ಟನ್ನು ನೋಡಿ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಮಿತಿ ಇಡಬೇಕು. ಇನ್ನೊಂದು ಊರಿನ ಪಟ್ಟಿ ತಂದು ಅಂಟಿಸಿದರೆ ಕಾಗದದಲ್ಲಿ ನಿಯಮ ಇರುತ್ತದೆ, ನೀರು ಮಾತ್ರ ಹಾಗೇ ಹೋಗುತ್ತಿರುತ್ತದೆ.

ಬ್ಯಾಕ್ಟೀರಿಯಾ ನಂಬಿಕೊಂಡ ಘಟಕ

ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ, ನೋಡುವುದಕ್ಕೆ ಯಂತ್ರದ ಥರ ಇರುತ್ತದೆ. ಅಸಲಿಗೆ ಅಲ್ಲಿ ಕೆಲಸ ಮಾಡುವುದು ಜೀವಿಗಳು. ದೊಡ್ಡ ತೊಟ್ಟಿ, ಕಂದು ಬಣ್ಣದ ನೀರು, ತಳದಿಂದ ಬುಗುಬುಗು ಏಳುವ ಗಾಳಿ. ಆ ನೀರಿನ ತುಂಬ ಬ್ಯಾಕ್ಟೀರಿಯಾ. ನಾವು ಚರಂಡಿಗೆ ಬಿಟ್ಟ ಕೊಳೆಯೇ ಅವುಗಳ ಊಟ. ತಿಂದು ಬೆಳೆದು, ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳ ಸೇರುತ್ತವೆ. ಮೇಲಿನ ತಿಳಿನೀರು ನದಿಗೆ ಹೋಗುತ್ತದೆ. ತಳದ ಕೆಸರನ್ನು ಹಿಂಡಿ, ಒಣಗಿಸಿ ಬೇರೆ ಕಡೆ ಸಾಗಿಸುತ್ತಾರೆ.

ಮನೆ ನೀರಿಗೆ ಇದು ಹೇಳಿ ಮಾಡಿಸಿದ ಏರ್ಪಾಡು. ಡೈರಿ, ಬ್ರೂವರಿ ಥರದ ಕಡೆಯಿಂದ ಬರುವ ನೀರನ್ನೂ ಈ ಬ್ಯಾಕ್ಟೀರಿಯಾ ತಿನ್ನಬಲ್ಲವು. ಅದು ಅವುಗಳಿಗೆ ಊಟವೇ, ಸ್ವಲ್ಪ ಜಾಸ್ತಿ ಗಟ್ಟಿ ಅಷ್ಟೇ. ಆದರೆ ತಾಮ್ರ, ಸತು, ಕ್ಯಾಡ್ಮಿಯಂ, ಕ್ರೋಮಿಯಂ ಬಂದರೆ? ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಲೋಹಕ್ಕೆ ಇರುವುದು ಎರಡೇ ದಾರಿ. ಒಂದೋ ನೀರಿನ ಜೊತೆ ನದಿಗೆ, ಇಲ್ಲವೇ ಕೆಸರಿನ ಜೊತೆ ನೆಲಕ್ಕೆ. ಎಸ್‌ಟಿಪಿಯಲ್ಲಿ 'ಲೋಹ ತೆಗೆದೆವು' ಅಂದರೆ ಅರ್ಥ ಇಷ್ಟೇ, ಅದು ಕೆಸರಿಗೆ ಹೋಯಿತು. ಆ ಕೆಸರು ಎಷ್ಟೋ ಕಡೆ ಗೊಬ್ಬರವಾಗಿ ಹೊಲ ಸೇರುತ್ತದೆ. ಅಮೆರಿಕದ ಮಿಲ್ವಾಕಿ ನಗರ 1926ರಿಂದಲೂ ತನ್ನ ಕೆಸರನ್ನು ಒಣಗಿಸಿ ಗೊಬ್ಬರವಾಗಿ ಮಾರುತ್ತಿದೆ. ಕೆಸರು ಶುದ್ಧವಾಗಿದ್ದರೆ ಇದು ಒಳ್ಳೆಯ ಕೆಲಸ. ಅದರಲ್ಲಿ ಕ್ಯಾಡ್ಮಿಯಂ ಇದ್ದರೆ ಹೊಲದ ಮಣ್ಣಿಗೆ, ಅಲ್ಲಿಂದ ಬೆಳೆಗೆ.

ಇನ್ನೊಂದು ಅಪಾಯ ಬ್ಯಾಕ್ಟೀರಿಯಾಗಳಿಗೇ. ಎಲ್ಲಕ್ಕಿಂತ ನಾಜೂಕಾದವು ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ. ಉಳಿದವು ಕೆಲವೇ ಗಂಟೆಗಳಲ್ಲಿ ದುಪ್ಪಟ್ಟಾದರೆ ಇವಕ್ಕೆ ಒಂದು ದಿನವೋ ಇನ್ನೂ ಜಾಸ್ತಿಯೋ ಬೇಕು. ಯಾರೋ ರಾತ್ರೋರಾತ್ರಿ ಪ್ಲೇಟಿಂಗ್ (ಲೋಹದ ಲೇಪ ಹಾಕುವ ಕೆಲಸ) ತೊಟ್ಟಿಯ ಹಳೇ ದ್ರಾವಣ ಖಾಲಿ ಮಾಡಿದರು ಅಂದುಕೊಳ್ಳಿ. ಸೈನೈಡ್, ತಾಮ್ರ ಸೇರಿದ ಆ ನೀರು ಬೆಳಗಿನ ಹೊತ್ತಿಗೆ ಎಸ್‌ಟಿಪಿ ತಲುಪುತ್ತದೆ. ಆ ಬ್ಯಾಕ್ಟೀರಿಯಾ ಸತ್ತರೆ ಮತ್ತೆ ಹಳೇ ಮಟ್ಟಕ್ಕೆ ಬರಲು ವಾರಗಟ್ಟಲೆ ಹಿಡಿಯಬಹುದು. ಅಷ್ಟು ದಿನವೂ ಇಡೀ ಊರಿನ ಅಮೋನಿಯಾ ಸೀದಾ ನದಿಗೆ. ಮೀನು ಸಾಯುತ್ತವೆ. ಬೈಗುಳ ತಿನ್ನುವುದು ಎಸ್‌ಟಿಪಿ ನಡೆಸುವವರು.

ಮೂರನೆಯದನ್ನು ನಾನು ಮೊದಲನೆಯದಾಗಿಯೇ ಹೇಳಬೇಕಿತ್ತು. ಪೈಪಿನ ಹತ್ತಿರ ಕೆಲಸ ಮಾಡುವ ಮನುಷ್ಯ. ಚರ್ಮ ಹದ ಮಾಡುವ ಕಡೆಯಿಂದ ಸಲ್ಫೈಡ್ ಇರುವ ನೀರು ಬರುತ್ತದೆ. ಇನ್ನೊಂದು ಕಾರ್ಖಾನೆಯಿಂದ ಆಮ್ಲ ಬರುತ್ತದೆ. ಎರಡೂ ಪೈಪಿನಲ್ಲಿ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಇದೇ ಆಮ್ಲ ಸೈನೈಡ್ ಜೊತೆ ಸೇರಿದರೆ ಹೈಡ್ರೋಜನ್ ಸೈನೈಡ್. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಏನೆಂದರೆ, ಗಾಳಿಯಲ್ಲಿ ಅದರ ಪ್ರಮಾಣ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗ) ಸುತ್ತಮುತ್ತ ಏರಿದಾಗ ಮೂಗು ಸೋತು ವಾಸನೆಯೇ ತಿಳಿಯದಂತೆ ಆಗುತ್ತದೆ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಅಂದುಕೊಂಡವನು ಕುಸಿದು ಬೀಳುತ್ತಾನೆ. ಎರಡು ಕಾರ್ಖಾನೆಗಳೂ ತಂತಮ್ಮ ಗೇಟಿನ ಹತ್ತಿರ ನೋಡಿದರೆ ಅಂಥ ತಪ್ಪು ಮಾಡಿದಂತೆ ಕಾಣುವುದಿಲ್ಲ. ಸಾವು ಹುಟ್ಟುವುದು ಎರಡು ನೀರು ಕೂಡುವ ಜಾಗದಲ್ಲಿ. ಆ ಜಾಗ ಗೊತ್ತಿರುವುದು ಊರಿನ ಪೈಪ್ ನಕ್ಷೆ ಇಟ್ಟುಕೊಂಡವರಿಗೆ ಮಾತ್ರ.

ಲೆಕ್ಕ ಹಾಕಿ ನೋಡೋಣ

ನಿಯಮಗಳಲ್ಲಿ ಎರಡು ಬಗೆ. ಒಂದು, ಎಲ್ಲಿಯೇ ಆಗಲಿ, ಯಾರೇ ಆಗಲಿ ಮಾಡಬಾರದ್ದು. ಅಮೆರಿಕ 1978ರಲ್ಲಿ ಹೊರಡಿಸಿದ, ಆಮೇಲೆ ತಿದ್ದುತ್ತಾ ಬಂದ ನಿಯಮದಲ್ಲಿ ಇಂಥವು ಸ್ಪಷ್ಟವಾಗಿವೆ. ಬೆಂಕಿ ಹತ್ತುವಂಥದ್ದು ಬಿಡಬಾರದು, ಅದರಲ್ಲೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬಿಸಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುವಂಥದ್ದು. ಪಿಎಚ್ 5ಕ್ಕಿಂತ ಇಳಿಯಬಾರದು, ಅಂದರೆ ನೀರು ಅಷ್ಟು ಆಮ್ಲ ಆಗಬಾರದು. ಪೈಪ್ ಕಟ್ಟಿಕೊಳ್ಳುವಂತೆ ಮಾಡುವ ಗಟ್ಟಿ ಪದಾರ್ಥ ಬೇಡ. ಎಸ್‌ಟಿಪಿಗೆ ಬರುವ ನೀರು 40 ಡಿಗ್ರಿ ದಾಟುವಷ್ಟು ಬಿಸಿ ಬೇಡ. ಕೆಲಸಗಾರರ ಜೀವಕ್ಕೆ ಕುತ್ತಾಗುವ ಅನಿಲ ಏಳಬಾರದು. ಟ್ಯಾಂಕರ್‌ನಲ್ಲಿ ತಂದು ಸಿಕ್ಕ ಸಿಕ್ಕ ಮ್ಯಾನ್‌ಹೋಲ್‌ಗೆ ಸುರಿಯುವಂತಿಲ್ಲ. ಇವುಗಳ ಬಗ್ಗೆ ವಾದ ಮಾಡುವಂಥದ್ದು ಏನೂ ಇಲ್ಲ.

ಎರಡನೆಯದು 'ಸ್ಥಳೀಯ ಮಿತಿ'. ಕಸರತ್ತು ಇರುವುದು ಇಲ್ಲಿ. ದಿನಕ್ಕೆ 50 ಲಕ್ಷ ಗ್ಯಾಲನ್, ಅಂದರೆ ಸುಮಾರು 1.9 ಕೋಟಿ ಲೀಟರ್‌ಗಿಂತ ಹೆಚ್ಚು ನೀರು ಶುದ್ಧ ಮಾಡುವ ವ್ಯವಸ್ಥೆ ಇರುವ ಊರು, ಅದಕ್ಕೆ ತೊಂದರೆ ಕೊಡಬಲ್ಲ ಕಾರ್ಖಾನೆಗಳೂ ಅಲ್ಲಿದ್ದರೆ, ಕಾರ್ಖಾನೆ ನೀರಿಗೆ ಮಿತಿ ಇಟ್ಟು ನಿಗಾ ಇಡುವ ಕಾರ್ಯಕ್ರಮ ನಡೆಸಲೇಬೇಕು ಎಂದು ಆ ದೇಶದ ನಿಯಮ ಹೇಳುತ್ತದೆ. ಅಂಥ ಸುಮಾರು 1,600 ಕಾರ್ಯಕ್ರಮಗಳು ಅಲ್ಲಿವೆ. ಹಾಗಾದರೆ ಆ ಮಿತಿಯನ್ನು ಹೇಗೆ ಕಂಡುಹಿಡಿಯುತ್ತಾರೆ? ಒಂದು ಕಾಲ್ಪನಿಕ ಊರು ಇಟ್ಟುಕೊಂಡು ತಾಮ್ರದ ಲೆಕ್ಕ ಮಾಡೋಣ. ಅಂಕಿಗಳು ನಾನು ಉದಾಹರಣೆಗೆ ತೆಗೆದುಕೊಂಡವು, ದಾರಿ ಮಾತ್ರ ನಿಜವಾದದ್ದು.

ಆ ಊರಿನ ಎಸ್‌ಟಿಪಿಗೆ ದಿನಕ್ಕೆ 5 ಕೋಟಿ ಲೀಟರ್ ನೀರು ಬರುತ್ತದೆ. ಅದರಲ್ಲಿ 4.5 ಕೋಟಿ ಮನೆಗಳದ್ದು, 50 ಲಕ್ಷ ಕಾರ್ಖಾನೆಗಳದ್ದು. ಮೊದಲು ನದಿಯ ಹತ್ತಿರ ಹೋಗಿ ನಿಲ್ಲಬೇಕು. ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 0.03 ಮಿಲಿಗ್ರಾಂಗಿಂತ ಹೆಚ್ಚು ತಾಮ್ರ ಇರಬಾರದು ಅಂದುಕೊಳ್ಳಿ. ಎಸ್‌ಟಿಪಿ ತನಗೆ ಬಂದ ತಾಮ್ರದಲ್ಲಿ ಶೇ. 80ರಷ್ಟನ್ನು ಕೆಸರಿಗೆ ಇಳಿಸುತ್ತದೆ, ಶೇ. 20ರಷ್ಟು ನದಿಗೆ ಹೋಗುತ್ತದೆ. ಹಾಗಾದರೆ ಒಳಬರುವ ನೀರಿನಲ್ಲಿ ಲೀಟರಿಗೆ 0.15 ಮಿಲಿಗ್ರಾಂವರೆಗೆ ಇರಬಹುದು. 5 ಕೋಟಿ ಲೀಟರಿಗೆ ಗುಣಿಸಿದರೆ ದಿನಕ್ಕೆ 7.5 ಕಿಲೋ ತಾಮ್ರ. ಇಡೀ ಊರಿಗೆ ಇರುವ ಪಾಲು ಇಷ್ಟೇ.

ಆಮೇಲೆ ಕೆಸರಿನ ಹತ್ತಿರ ಬರಬೇಕು. 7.5 ಕಿಲೋದಲ್ಲಿ 6 ಕಿಲೋ ಕೆಸರು ಸೇರುತ್ತದೆ. ದಿನಕ್ಕೆ 10 ಟನ್ ಒಣ ಕೆಸರು ಬಂದರೆ ಕಿಲೋ ಕೆಸರಿಗೆ 600 ಮಿಲಿಗ್ರಾಂ ತಾಮ್ರ. ಗೊಬ್ಬರಕ್ಕೆ ಇಟ್ಟಿರುವ ಮಿತಿಯೊಳಗೆ ಇದೆಯಾ? ಇದ್ದರೆ ಮುಂದಕ್ಕೆ. ಇಲ್ಲದಿದ್ದರೆ 7.5 ಅನ್ನೇ ಇಳಿಸಬೇಕು. ಬ್ಯಾಕ್ಟೀರಿಯಾ ಎಷ್ಟು ತಾಮ್ರ ತಡೆದುಕೊಳ್ಳುತ್ತವೆ ಅಂತಲೂ ಇದೇ ರೀತಿ ನೋಡಬೇಕು. ಈ ಎಲ್ಲದರಲ್ಲಿ ಯಾವುದು ಕಡಿಮೆಯೋ ಅದೇ ಊರಿನ ಮಿತಿ.

ಈಗ ಹಂಚಿಕೆ. ಮನೆ ನೀರಿನಲ್ಲೂ ತಾಮ್ರ ಇರುತ್ತದೆ. ಕೊಳಾಯಿ ಪೈಪಿನಿಂದಲೇ ಒಂದಿಷ್ಟು ಕರಗಿ ಬರುತ್ತದೆ. ಲೀಟರಿಗೆ 0.05 ಮಿಲಿಗ್ರಾಂ ಅಂದರೂ 4.5 ಕೋಟಿ ಲೀಟರಿಗೆ 2.25 ಕಿಲೋ ಆಯಿತು. ಆಕಸ್ಮಿಕಕ್ಕೆ ಅಂತ ಶೇ. 10, ಅಂದರೆ 0.75 ಕಿಲೋ ಬದಿಗಿಡಿ. ಉಳಿದದ್ದು 4.5 ಕಿಲೋ. ಇದನ್ನು ಕಾರ್ಖಾನೆಗಳ 50 ಲಕ್ಷ ಲೀಟರಿಗೆ ಹಂಚಿದರೆ ಲೀಟರಿಗೆ 0.9 ಮಿಲಿಗ್ರಾಂ. ಇದು ಆ ಊರಿನ ತಾಮ್ರದ ಸ್ಥಳೀಯ ಮಿತಿ.

ಪಕ್ಕದ ಊರಿನಲ್ಲಿ ನದಿ ಚಿಕ್ಕದಿರಬಹುದು, ಎಸ್‌ಟಿಪಿ ಹಳೆಯದಿರಬಹುದು, ಪ್ಲೇಟಿಂಗ್ ಘಟಕಗಳು ಹತ್ತುಪಟ್ಟು ಇರಬಹುದು. ಅಲ್ಲಿ ಇದೇ ಲೆಕ್ಕ ಮಾಡಿದರೆ 0.2 ಬರಬಹುದು, 3 ಬರಬಹುದು. 0.9 ಅನ್ನುವ ಅಂಕಿಗೆ ತನ್ನ ಊರು ಬಿಟ್ಟು ಆಚೆ ಬೆಲೆಯೇ ಇಲ್ಲ. ಆ ಊರಿನಲ್ಲೇ ನಾಳೆ ಹೊಸ ಪ್ಲೇಟಿಂಗ್ ಘಟಕ ಬಂದರೂ ಪಾಲು ಅದೇ 4.5 ಕಿಲೋ. ಹೊಸಬರಿಗೆ ಕೊಡಬೇಕಾದರೆ ಹಳಬರದ್ದು ಇಳಿಸಬೇಕು, ಅಥವಾ ಹೊಸಬರು ತಮ್ಮ ನೀರು ಇನ್ನೂ ಶುದ್ಧ ಮಾಡಿ ಬಿಡಬೇಕು. ಕಾರ್ಖಾನೆಗೆ ಅನುಮತಿ ಕೊಡುವವರು ಈ ಪುಟ್ಟ ಲೆಕ್ಕವನ್ನು ಮೇಜಿನ ಮೇಲೆ ಇಟ್ಟುಕೊಂಡಿರಬೇಕು, ಅಲ್ವಾ?

ಇಡೀ ದೇಶಕ್ಕೆ ಒಂದೇ ಅಂಕಿ ಇಟ್ಟಾಗ ಏನಾಗುತ್ತದೆ ಅಂತ ನೋಡಲು ಭಾರತದ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ ಒಳ್ಳೆಯ ಉದಾಹರಣೆ. ನದಿ ಕೆರೆಗಳಿಗೆ ಬಿಡುವ ನೀರಿಗೆ ಬಿಓಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) ಮಿತಿ ಲೀಟರಿಗೆ 30 ಮಿಲಿಗ್ರಾಂ. ಸಾರ್ವಜನಿಕ ಒಳಚರಂಡಿಗೆ ಬಿಡುವುದಾದರೆ 350. ತೇಲುವ ಕಣಗಳಿಗೆ ನದಿಗಾದರೆ 100, ಒಳಚರಂಡಿಗಾದರೆ 600. ಎಣ್ಣೆ ಜಿಡ್ಡಿಗೆ ನದಿಗಾದರೆ 10, ಒಳಚರಂಡಿಗಾದರೆ 20. ಒಳಚರಂಡಿಗೆ ಇಷ್ಟು ಸಡಿಲ ಯಾಕೆ ಅಂತ ಕೇಳಿದರೆ ಕಾರಣ ನ್ಯಾಯವಾಗಿಯೇ ಇದೆ. ಬಿಓಡಿ ಅಳೆಯುವುದು ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯನ್ನೇ. ಅದನ್ನು ತಿನ್ನಲು ಪೈಪಿನ ಕೊನೆಯಲ್ಲಿ ಎಸ್‌ಟಿಪಿ ಇದೆ. ಒಂದೇ ಕೆಲಸ ಎರಡು ಕಡೆ ಯಾಕೆ ಮಾಡಿಸಬೇಕು?

ಆದರೆ 350 ಅನ್ನುವ ಅಂಕಿ ಒಂದು ಭರವಸೆಯ ಮೇಲೆ ನಿಂತಿದೆ. ಕೊನೆಯಲ್ಲಿ ಎಸ್‌ಟಿಪಿ ಇದೆ, ಅದು ಓಡುತ್ತಿದೆ, ಅದಕ್ಕೆ ಅಷ್ಟು ಭಾರ ಹೊರುವ ಶಕ್ತಿ ಇದೆ ಅನ್ನುವ ಭರವಸೆ. ಪೈಪು ಎಸ್‌ಟಿಪಿ ಮುಟ್ಟುವ ಮೊದಲೇ ಒಡೆದು ಹಳ್ಳಕ್ಕೆ ಹರಿಯುತ್ತಿದ್ದರೆ? ಎಸ್‌ಟಿಪಿ ಅರ್ಧ ಹೊತ್ತು ನಿಂತಿದ್ದರೆ? ಆಗ ಕಾರ್ಖಾನೆ ನಿಯಮ ಮುರಿಯದೆಯೇ, ನದಿಗೆ ಬಿಡಬಹುದಾದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಕೊಳೆಯನ್ನು ನದಿಗೆ ಬಿಟ್ಟಂತಾಯಿತು. ಅದಕ್ಕೇ ನಾನು ಹೇಳುವುದು, ಮಿತಿ ಇಡುವವರಿಗೆ ತಮ್ಮ ಪೈಪು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಆ ಅನುಮತಿ ಪತ್ರಕ್ಕೆ ಸಹಿ ಹಾಕಬಾರದು.

ಇನ್ನು ಮಿಲಿಗ್ರಾಂ ಜಗಳ. ಮಿತಿಯನ್ನು 'ಲೀಟರಿಗೆ ಇಷ್ಟು ಮಿಲಿಗ್ರಾಂ' ಅಂತ ಮಾತ್ರ ಬರೆದರೆ ಒಂದು ಸುಲಭದ ದಾರಿ ತೆರೆದುಕೊಳ್ಳುತ್ತದೆ. ಸುಮ್ನೆ ಬೋರ್‌ವೆಲ್ ನೀರು ಬೆರೆಸಿದರೆ ಆಯಿತು. ತಾಮ್ರ ಅಷ್ಟೇ ಹೋಗುತ್ತದೆ, ಸ್ಯಾಂಪಲ್ ಮಾತ್ರ ಪಾಸಾಗುತ್ತದೆ. ಶುದ್ಧ ಮಾಡುವ ಬದಲು ನೀರು ಬೆರೆಸುವುದನ್ನು ಅಮೆರಿಕದ ನಿಯಮ ನೇರವಾಗಿ ನಿಷೇಧಿಸಿದೆ. ಇದರ ಇನ್ನೊಂದು ಮುಖ ನನಗೆ ಇನ್ನೂ ಬೇಸರ ತರುವಂಥದ್ದು. ಪ್ರಾಮಾಣಿಕವಾಗಿ ನೀರು ಉಳಿಸುವ ಕಾರ್ಖಾನೆ ಇದೆ ಅಂದುಕೊಳ್ಳಿ. ತೊಳೆಯುವ ನೀರನ್ನು ಮರುಬಳಕೆ ಮಾಡಿ ಬಳಕೆಯನ್ನು ಅರ್ಧಕ್ಕೆ ಇಳಿಸಿತು. ತಾಮ್ರ ಒಂದು ಗ್ರಾಂ ಕೂಡ ಹೆಚ್ಚಾಗಿಲ್ಲ, ಆದರೆ ಅರ್ಧ ನೀರಿನಲ್ಲಿ ಅಷ್ಟೇ ತಾಮ್ರ ಇರುವುದರಿಂದ ಲೀಟರಿಗೆ ಎರಡು ಪಟ್ಟು ಕಾಣುತ್ತದೆ. ಮಿತಿ ಮೀರಿತು, ನೋಟಿಸ್ ಬಂತು. ನೀರು ಪೋಲು ಮಾಡುವವನು ಪಾಸು, ಉಳಿಸಿದವನು ಫೇಲು. ನದಿಗೂ ಕೆಸರಿಗೂ ಬೇಕಾದ ಲೆಕ್ಕ ಕಿಲೋದ್ದು. ಹಾಗಾಗಿ ದೊಡ್ಡ ಕಾರ್ಖಾನೆಗಳಿಗೆ 'ದಿನಕ್ಕೆ ಇಷ್ಟು ಗ್ರಾಂ' ಅಂತ ಕೊಡುವುದೇ ಸರಿ. ಅದಕ್ಕೆ ನೀರಿನ ಹರಿವು ಅಳೆಯುವ ಮೀಟರ್ ಬೇಕು, ಅದನ್ನು ಓದಲು ಜನ ಬೇಕು. ಖರ್ಚಿದೆ ನಿಜ. ಆದರೆ ಅಳತೆಯೇ ಇಲ್ಲದೆ ಇಟ್ಟ ಮಿತಿಯಿಂದ ಯಾರಿಗೂ ಉಪಯೋಗ ಇಲ್ಲ.

ದುಡ್ಡಿನ ವಿಷಯದಲ್ಲಿ ಬ್ರಿಟನ್ನಿನ ಪದ್ಧತಿ ನೋಡುವಂಥದ್ದು. ಅಲ್ಲಿ ಕಾರ್ಖಾನೆ ನೀರನ್ನು ಒಳಚರಂಡಿಗೆ ಬಿಡಲು ಒಪ್ಪಿಗೆ ಪಡೆಯಬೇಕು ಎಂಬ ಕಾನೂನು 1937ರಲ್ಲೇ ಬಂತು. ಶುಲ್ಕ ಹಾಕಲು 'ಮಾಗ್ಡನ್ ಸೂತ್ರ' ಅಂತ ಒಂದಿದೆ. ಪಶ್ಚಿಮ ಲಂಡನ್ನಿನ ಮಾಗ್ಡನ್ ಎಸ್‌ಟಿಪಿಯಿಂದ ಬಂದ ಹೆಸರು. ನೀರನ್ನು ಪೈಪಿನಲ್ಲಿ ಸಾಗಿಸುವುದಕ್ಕೆ ಇಷ್ಟು, ಪ್ರಮಾಣಕ್ಕೆ ಇಷ್ಟು, ಬ್ಯಾಕ್ಟೀರಿಯಾ ಕೆಲಸಕ್ಕೆ ಇಷ್ಟು, ಕೆಸರಿಗೆ ಇಷ್ಟು. ಕೊನೆಯ ಎರಡನ್ನು ಊರಿನ ಸರಾಸರಿ ಕೊಳಚೆ ನೀರಿಗೆ ಹೋಲಿಸಿ ಹಾಕುತ್ತಾರೆ. ನಿಮ್ಮ ನೀರು ಸರಾಸರಿಗಿಂತ ಮೂರು ಪಟ್ಟು ಗಟ್ಟಿ ಇದ್ದರೆ ಆ ಭಾಗಕ್ಕೆ ಮೂರು ಪಟ್ಟು ದುಡ್ಡು. ಇದು ನ್ಯಾಯ, ಇಲ್ಲದಿದ್ದರೆ ಆ ಖರ್ಚು ಮನೆಗಳ ಬಿಲ್ಲಿಗೆ ಬರುತ್ತದೆ. ಆದರೆ ಒಂದು ಎಚ್ಚರ ಬೇಕು. ದುಡ್ಡು ತೆಗೆದುಕೊಂಡು ಬಿಡಲು ಒಪ್ಪಬಹುದಾದದ್ದು ಎಸ್‌ಟಿಪಿ ನಿಜಕ್ಕೂ ಶುದ್ಧ ಮಾಡಬಲ್ಲ ಕೊಳೆಯನ್ನು ಮಾತ್ರ. ಕ್ಯಾಡ್ಮಿಯಂಗೆ ಶುಲ್ಕ ಕಟ್ಟಿದರೆ ಕ್ಯಾಡ್ಮಿಯಂ ಎಲ್ಲೂ ಹೋಗುವುದಿಲ್ಲ.

ರಾತ್ರಿ ಎರಡು ಗಂಟೆಯ ಬಾಟಲಿ

ನಿಯಮ ಎಷ್ಟೇ ಚೆನ್ನಾಗಿರಲಿ, ಅದು ನಿಜವಾಗುವುದು ಒಂದು ಮ್ಯಾನ್‌ಹೋಲ್ ಹತ್ತಿರ. ಕಾರ್ಖಾನೆಯ ಗೇಟು ದಾಟಿ, ಊರಿನ ಪೈಪ್ ಸೇರುವ ಮೊದಲು ಸ್ಯಾಂಪಲ್ ತೆಗೆಯಲು ಒಂದು ಗುಂಡಿ ಇರಬೇಕು. ತಪಾಸಣೆಗೆ ಬಂದವರು ಮುಚ್ಚಳ ಎತ್ತುತ್ತಾರೆ. ಬಗ್ಗಿ ನೋಡುವ ಮೊದಲು ಗ್ಯಾಸ್ ಮೀಟರ್ ಇಳಿಸುತ್ತಾರೆ. ಆಮೇಲೆ ಒಂದು ಯಂತ್ರ ಕೂರಿಸುತ್ತಾರೆ. ಡ್ರಮ್ಮಿನಂಥ ಪೆಟ್ಟಿಗೆ, ಒಳಗೆ ವೃತ್ತಾಕಾರವಾಗಿ ಜೋಡಿಸಿದ 24 ಬಾಟಲಿ, ಮಧ್ಯೆ ಐಸ್. ಗಂಟೆಗೊಂದು ಬಾಟಲಿಯಂತೆ ಅದು ತಾನೇ ನೀರು ಹೀರಿಕೊಳ್ಳುತ್ತದೆ. ಮರುದಿನ ಪೆಟ್ಟಿಗೆ ತೆರೆದಾಗ ಬಾಟಲಿಗಳೇ ಕಥೆ ಹೇಳುತ್ತವೆ. ಹಗಲಿನ ಬಾಟಲಿಗಳೆಲ್ಲ ತಿಳಿ. ರಾತ್ರಿ ಎರಡು ಗಂಟೆಯದ್ದು ಹಸಿರು ಮಿಶ್ರಿತ ನೀಲಿ.

ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಒಂದು ಬಾಟಲಿ ತುಂಬಿಕೊಂಡು ಬಂದರೆ ಇದು ಸಿಗುವುದಿಲ್ಲ. ಹಾಗಂತ ಒಂದೇ ಸಲ ತೆಗೆಯುವ ಸ್ಯಾಂಪಲ್ ಬೇಡ ಅಂತಲ್ಲ. ಪಿಎಚ್, ಸೈನೈಡ್, ಎಣ್ಣೆ ಜಿಡ್ಡು, ಆವಿಯಾಗುವ ದ್ರಾವಕ ಇವುಗಳನ್ನು ಹಾಗೇ ತೆಗೆಯಬೇಕು, ದಿನವಿಡೀ ಬೆರೆಸಿಟ್ಟರೆ ಬದಲಾಗಿ ಹೋಗುತ್ತವೆ. ಲೋಹಕ್ಕೆ ಮಾತ್ರ 24 ಗಂಟೆಯ ಮಿಶ್ರಣ.

ಜರ್ಮನಿಯಲ್ಲಿ ಇನ್ನೂ ಜಾಣತನದ ಒಂದು ಉಪಾಯ ಬಳಕೆಯಲ್ಲಿದೆ. ಪೈಪಿನ ಒಳಗೋಡೆಗೆ, ನೀರಿನ ಮಟ್ಟದ ಹತ್ತಿರ, ಲೋಳೆಯ ಪದರ ಕಟ್ಟಿಕೊಂಡಿರುತ್ತದೆ. ಹರಿದುಹೋಗುವ ಲೋಹವನ್ನು ಅದು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ನೀರು ಹೋಗಿ ದಿನಗಳಾದರೂ ಲೋಳೆಯಲ್ಲಿ ಗುರುತು ಉಳಿದಿರುತ್ತದೆ. ಎಸ್‌ಟಿಪಿಯಿಂದ ಶುರು ಮಾಡಿ ಒಂದೊಂದೇ ಮ್ಯಾನ್‌ಹೋಲ್ ಮೇಲಕ್ಕೆ ಹೋಗುತ್ತಾ ಲೋಳೆ ಕೆರೆದು ಪರೀಕ್ಷೆ ಮಾಡುತ್ತಾರೆ. ಪೈಪು ಕವಲೊಡೆಯುವ ಕಡೆ ಯಾವ ಕವಲಿನಲ್ಲಿ ಲೋಹ ಜಾಸ್ತಿಯೋ ಆ ಕಡೆ ತಿರುಗುವುದು. ಹಾಗೇ ಹೋಗಿ ಒಂದು ಗೇಟಿನ ಮುಂದೆ ನಿಲ್ಲುತ್ತಾರೆ.

ಸಿಕ್ಕಿಬಿದ್ದ ಮೇಲೆ? ಅಮೆರಿಕದಲ್ಲಿ ದೊಡ್ಡ ಕಾರ್ಖಾನೆಗಳನ್ನು ವರ್ಷಕ್ಕೆ ಒಂದು ಸಲವಾದರೂ ಊರಿನವರೇ ಹೋಗಿ ತಪಾಸಣೆ ಮಾಡಿ ಸ್ಯಾಂಪಲ್ ತೆಗೆಯಬೇಕು. ದಿನಕ್ಕೆ, ಒಂದೊಂದು ತಪ್ಪಿಗೆ ಕಡೇಪಕ್ಷ 1,000 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ಊರಿಗೆ ಇರಬೇಕು. ನನಗೆ ಹಿಡಿಸಿದ್ದು ಇನ್ನೊಂದು. ಗಂಭೀರವಾಗಿ ನಿಯಮ ಮುರಿದವರ ಹೆಸರನ್ನು ಪ್ರತಿ ವರ್ಷ ಊರಿನ ಪತ್ರಿಕೆಯಲ್ಲಿ ಪ್ರಕಟಿಸಲೇಬೇಕು. ದಂಡವನ್ನು ಖರ್ಚಿನ ಲೆಕ್ಕಕ್ಕೆ ಬರೆದು ಮರೆಯಬಹುದು. ಅಕ್ಕಪಕ್ಕದವರು ಓದುವ ಪತ್ರಿಕೆಯಲ್ಲಿ ಹೆಸರು ಬಂದರೆ ಅದನ್ನು ಎಲ್ಲಿ ಬರೆಯುತ್ತಾರೆ?

ಹಾಗಂತ ಕಟ್ಟುನಿಟ್ಟು ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ನಡೆದದ್ದು ಕೇಳಿ. ನಿಯಮ ಬಿಗಿಯಾದ ಮೇಲೆ ಒಳಚರಂಡಿಗೆ ಬರುವ ಲೋಹ ಚೆನ್ನಾಗಿ ಇಳಿಯಿತು. ಆದರೆ ದಶಕಗಳ ಕಾಲ ಗಟ್ಟಿಯಾಗಿದ್ದ ಕಾಂಕ್ರೀಟ್ ಪೈಪುಗಳು ಮೊದಲಿಗಿಂತ ಬೇಗ ಸವೆಯತೊಡಗಿದವು. ಯಾಕೆ? ಪೈಪಿನ ಲೋಳೆಯಲ್ಲಿ ಸಲ್ಫೈಡ್ ಹುಟ್ಟಿಸುವ ಬ್ಯಾಕ್ಟೀರಿಯಾ ಇರುತ್ತವೆ. ಹಿಂದೆ ನೀರಿನಲ್ಲಿದ್ದ ಲೋಹ ಆ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುತ್ತಿತ್ತು, ಹುಟ್ಟಿದ ಸಲ್ಫೈಡನ್ನೂ ಹಿಡಿದುಕೊಳ್ಳುತ್ತಿತ್ತು. ಲೋಹ ಹೋದ ಮೇಲೆ ಹೈಡ್ರೋಜನ್ ಸಲ್ಫೈಡ್ ಮೇಲೆದ್ದು ಪೈಪಿನ ನೆತ್ತಿಗೆ ತಗುಲಿತು. ಅಲ್ಲಿನ ಬೇರೆ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡಿದವು. ಆಮ್ಲ ಕಾಂಕ್ರೀಟನ್ನು ತಿಂದಿತು. ಇದನ್ನು ಓದಿದವರು 'ಲೋಹ ಬಿಡಲಿ ಹಾಗಾದರೆ' ಅನ್ನಬಾರದು, ಅಲ್ಲಿನವರೂ ಅನ್ನಲಿಲ್ಲ. ಪೈಪಿನ ನೆತ್ತಿಗೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸಿಂಪಡಿಸುವ ಥರದ ದಾರಿ ಕಂಡುಕೊಂಡರು. ತಮ್ಮ ಪೈಪಿನೊಳಗೆ ಏನು ನಡೆಯುತ್ತಿದೆ ಅಂತ ವರ್ಷಗಟ್ಟಲೆ ಅಳೆದು ಇಟ್ಟುಕೊಂಡಿದ್ದರಿಂದ ಅವರಿಗೆ ಕಾರಣ ಸಿಕ್ಕಿತು.

ಸಣ್ಣಪುಟ್ಟ ಘಟಕಗಳ ಮಾತು ಬೇರೆ. ಹೋಟೆಲು, ಗ್ಯಾರೇಜು, ಲಾಂಡ್ರಿ ಇವಕ್ಕೆಲ್ಲ ತಾಮ್ರದ ಲೆಕ್ಕ ಹಾಕುತ್ತಾ ಕೂತರೆ ಆಗದು. ಜಿಡ್ಡು ಹಿಡಿದಿಡುವ ಗ್ರೀಸ್ ಟ್ರ್ಯಾಪ್ ಇರಲಿ, ಅದನ್ನು ಇಂತಿಷ್ಟು ದಿನಕ್ಕೊಮ್ಮೆ ತೆಗೆಸಿದ ರಸೀದಿ ಇರಲಿ, ಅಷ್ಟು ಸಾಕು. ಇದನ್ನು ಬಿಟ್ಟರೆ ಏನಾಗುತ್ತದೆ ಅಂತ 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ತೋರಿಸಿತು. ಒಳಚರಂಡಿಯಲ್ಲಿ ಜಿಡ್ಡು ಮತ್ತು ಒರೆಸುವ ವೈಪ್ಸ್ ಸೇರಿ 250 ಮೀಟರ್ ಉದ್ದ, 130 ಟನ್ ತೂಕದ ಗಟ್ಟಿ ಮುದ್ದೆ ಕಟ್ಟಿಕೊಂಡಿತ್ತು. ಇನ್ನು ಸಣ್ಣ ಪ್ಲೇಟಿಂಗ್, ಡೈಯಿಂಗ್ ಘಟಕದವರು 'ನಮ್ಮಿಂದ ಇಟಿಪಿ (ಕಾರ್ಖಾನೆ ನೀರು ಶುದ್ಧ ಮಾಡುವ ಘಟಕ) ಕಟ್ಟಲು ಆಗಲ್ಲ' ಅನ್ನುತ್ತಾರೆ. ಸುಳ್ಳಲ್ಲ, ನಾಲ್ಕು ಜನ ಕೆಲಸ ಮಾಡುವ ಶೆಡ್ಡಿಗೆ ಅದು ದೊಡ್ಡ ಹೊರೆ. ಹತ್ತಿಪ್ಪತ್ತು ಘಟಕ ಸೇರಿ ಒಂದು ಸಾಮೂಹಿಕ ಇಟಿಪಿ ಮಾಡಿಕೊಳ್ಳಲಿ, ಊರು ಅದಕ್ಕೆ ಜಾಗ ಕೊಡಲಿ, ಕಾಲಾವಕಾಶ ಕೊಡಲಿ. ಆದರೆ ವಿನಾಯಿತಿ ಕೊಟ್ಟು ಕಣ್ಣುಮುಚ್ಚುವುದು ಬೇಡ. ಐವತ್ತು ಸಣ್ಣ ಶೆಡ್ಡುಗಳ ತಾಮ್ರವೂ ಆ 4.5 ಕಿಲೋದೊಳಗೇ ಹಿಡಿಸಬೇಕು.

ಈ ಲೆಕ್ಕಗಳೆಲ್ಲ ಗೊತ್ತಿರುವ ವಿಷಗಳಿಗೆ. ಈಗ ಊರುಗಳನ್ನು ಕಾಡುತ್ತಿರುವುದು ಹೊಸ ಹೆಸರು, ಪಿಎಫ್ಎಎಸ್. ಸುಲಭಕ್ಕೆ ನಾಶವಾಗದ ರಾಸಾಯನಿಕಗಳ ಗುಂಪು. ಅದರಲ್ಲೊಂದು ಪಿಎಫ್ಒಎಸ್. ಕ್ರೋಮ್ ಪ್ಲೇಟಿಂಗ್ ಮಾಡುವಾಗ ತೊಟ್ಟಿಯಿಂದ ವಿಷದ ತುಂತುರು ಏಳುತ್ತದೆ, ಅದು ಕೆಲಸಗಾರರ ಶ್ವಾಸಕೋಶಕ್ಕೆ ಹೋಗಬಾರದು ಅಂತ ಇದನ್ನು ಬೆರೆಸುತ್ತಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಅದೆಲ್ಲ ಚರಂಡಿಗೆ ಹೋಯಿತು. ಎಸ್‌ಟಿಪಿಗಳು ಅದನ್ನು ಅಳೆಯುತ್ತಲೇ ಇರಲಿಲ್ಲ, ಯಾಕೆಂದರೆ ಮಿತಿಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಯುರೋಪಿಯನ್ ಒಕ್ಕೂಟ 2024ರಲ್ಲಿ ಕೊಳಚೆ ನೀರಿನ ಕಾನೂನು ಹೊಸದಾಗಿ ಬರೆದಾಗ, ಔಷಧ ಮತ್ತು ಕಾಸ್ಮೆಟಿಕ್ಸ್ ತಯಾರಕರು ಸೂಕ್ಷ್ಮ ಮಾಲಿನ್ಯ ತೆಗೆಯುವ ಹೆಚ್ಚುವರಿ ಶುದ್ಧೀಕರಣದ ಖರ್ಚಿನಲ್ಲಿ ಕನಿಷ್ಠ ಶೇ. 80 ಭರಿಸಬೇಕು ಎಂದಿತು. ಅಮೆರಿಕದ ಮಿಶಿಗನ್ ರಾಜ್ಯ ಬೇರೆ ದಾರಿ ಹಿಡಿಯಿತು. 2018ರಲ್ಲಿ 95 ಎಸ್‌ಟಿಪಿಗಳಿಗೆ, ನಿಮ್ಮ ಪೈಪಿಗೆ ಇದನ್ನು ಯಾರು ಬಿಡುತ್ತಿದ್ದಾರೆ ಹುಡುಕಿ ಅಂದಿತು. ಹೊಸ ಕಾನೂನು ಬೇಕಾಗಲಿಲ್ಲ. ಕಾರ್ಖಾನೆಗಳ ಪಟ್ಟಿ, ಪೈಪ್ ನಕ್ಷೆ, ಸ್ಯಾಂಪಲ್ ತೆಗೆಯುವ ಜನ, ಎಲ್ಲ ಮೊದಲೇ ಇತ್ತು.

ಆ ರಾಜ್ಯದ ಲಾಪೀರ್ ಅನ್ನುವ ಸಣ್ಣ ಪಟ್ಟಣದಲ್ಲಿ ಹುಡುಕಾಟ ಒಂದು ಪ್ಲೇಟಿಂಗ್ ಕಾರ್ಖಾನೆಯ ಹತ್ತಿರ ನಿಂತಿತು. ಕಾರ್ಖಾನೆ ತನ್ನ ನೀರಿಗೆ ಇದ್ದಿಲಿನ ಫಿಲ್ಟರ್ ಹಾಕಿತು. ಎಸ್‌ಟಿಪಿಯಿಂದ ನದಿಗೆ ಹೋಗುವ ನೀರಿನಲ್ಲಿ ಪಿಎಫ್ಒಎಸ್ ಶೇ. 99ರಷ್ಟು ಇಳಿಯಿತು. ಕೆಸರನ್ನು ಹೊಲಕ್ಕೆ ಹಾಕುವುದನ್ನು 2017ರಲ್ಲೇ ನಿಲ್ಲಿಸಿದ್ದರು. ಅದಕ್ಕೂ ಮೊದಲು ಹಾಕಿದ ಕೆಸರು ಮಾತ್ರ ಆ ಹೊಲಗಳ ಮಣ್ಣಿನಲ್ಲಿ ಬೆರೆತು ಹೋಗಿತ್ತು.